ನೆಲದ ಮೇಲೆ ಕುಳಿತವರ ಅರ್ಜಿ

ಸಿರುಗುಪ್ಪದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ: 'ಕಾಲುವೆಯ ಕೊನೆ ಭಾಗದ ರೈತರು ನೀರಿಗಾಗಿ ಅರೆಬೆತ್ತಲೆ ಮೆರವಣಿಗೆ ಹೊರಡುತ್ತಾರೆ, ರಸ್ತೆಯ ಮೇಲೆ ಉರುಳುತ್ತಾರೆ. ಮೊಬೈಲಿನಿಂದಲೇ ಮನವಿ ಕಳುಹಿಸಬಹುದಾದ ಈ ಕಾಲದಲ್ಲಿ ದೇಹವನ್ನು ಹೀಗೆ ದಂಡಿಸುವುದೇಕೆ?'

ಉತ್ತರ: ಗುರುಗಳೇ, ನಿಮ್ಮ ದುಂಡನೆಯ ಅಕ್ಷರ ನೋಡಿ ಸಂತೋಷವಾಯಿತು. ಅಂದ ಹಾಗೆ, ಈ ಪತ್ರವನ್ನು ತಾವೂ ಮೊಬೈಲಿನಲ್ಲಿ ಕಳುಹಿಸದೆ ಅಂಚೆಗೇ ಹಾಕಿದ್ದೀರಿ.

ರಸ್ತೆ ತಡೆಯಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡರೆ ಅದನ್ನು ನಾನು ಸಮರ್ಥಿಸಲಾರೆ. ಸಂವಿಧಾನದ ಮಾರ್ಗಗಳು ತೆರೆದಿರುವಾಗ ಸತ್ಯಾಗ್ರಹವನ್ನೂ ಕೈಬಿಡಬೇಕೆಂದು ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದು ನಿಜ. ಆದರೆ ಕಚೇರಿಯಿಂದ ಕಚೇರಿಗೆ ಅಲೆದ ಅರ್ಜಿಗೆ ಸ್ವೀಕೃತಿಯ ಮುದ್ರೆಯ ಹೊರತು ಮತ್ತೇನೂ ಸಿಗದ ರೈತನಿಗೆ ಆ ಮಾರ್ಗ ಎಷ್ಟು ತೆರೆದಿದೆ?

ತಾವು ಕುಳಿತು ಪತ್ರ ಬರೆದ ಊರು ಕನ್ನಡ ರಾಜ್ಯಕ್ಕೆ ಸೇರಿದ ಬಗೆಯನ್ನು ನೆನೆಯಿರಿ. ಪೊಟ್ಟಿ ಶ್ರೀರಾಮುಲು ಅವರು ಮದ್ರಾಸಿನಲ್ಲಿ ಉಪವಾಸ ಕುಳಿತು 1952ರ ಡಿಸೆಂಬರ್ 15ರಂದು ತೀರಿಕೊಂಡ ಮೇಲೆಯೇ ಆಂಧ್ರ ರಾಜ್ಯದ ಘೋಷಣೆಯಾಯಿತು. 1953ರ ಅಕ್ಟೋಬರ್ 1ರಂದು ಆ ರಾಜ್ಯ ಉದಯಿಸಿದ ದಿನವೇ ನಿಮ್ಮ ಸಿರುಗುಪ್ಪವೂ ಸೇರಿ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಆ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲನ್ನು ಬಳ್ಳಾರಿಯಲ್ಲಿ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಕಿಡಿಗೇಡಿಗಳ ದಾಳಿಗೆ ಬಲಿಯಾದರು. ಒಬ್ಬರು ಅನ್ನ ಬಿಟ್ಟು ಪ್ರಾಣ ಕೊಟ್ಟರು, ಇನ್ನೊಬ್ಬರು ಕಾವಲು ನಿಂತು ಕೊಟ್ಟರು.

ಮನವಿಯನ್ನು ಕಡತದಲ್ಲಿಟ್ಟು ಮರೆಯಬಹುದು. ಉಪವಾಸ ಕುಳಿತವರನ್ನು ಹಾಗೆ ಮರೆಯಲು ಸರ್ಕಾರಕ್ಕೆ ಧೈರ್ಯವಿರುವುದಿಲ್ಲ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ರದ್ದಾಗಬೇಕೆಂದು ಮಣಿಪುರದ ಇರೋಮ್ ಶರ್ಮಿಳಾ 2000ದಿಂದ 2016ರವರೆಗೆ ಉಪವಾಸವಿದ್ದಾಗ, ಅವರ ಬೇಡಿಕೆಗೆ ಕಿವಿಗೊಡದ ಅದೇ ವ್ಯವಸ್ಥೆ ಮೂಗಿನ ನಳಿಕೆಯಿಂದ ಆಹಾರ ಇಳಿಸಿ ಅವರನ್ನು ಬದುಕಿಸಿಕೊಳ್ಳಬೇಕಾಯಿತು. ಮತದಾನದ ಹಕ್ಕು ಕೇಳಿ ಜೈಲು ಸೇರಿದ್ದ ಬ್ರಿಟನ್ನಿನ ಮಹಿಳೆಯರಿಗೂ 1909ರಿಂದಲೇ ಹೀಗೆ ಬಲವಂತವಾಗಿ ಉಣಿಸಲಾಗಿತ್ತು.

ಈಗ ದೇಹಗಳು ಎಲ್ಲಿ ಕಾಣಿಸಬೇಕೆಂಬುದಕ್ಕೂ ಆದೇಶವಿದೆ. ಬೆಂಗಳೂರಿನಲ್ಲಿ 2021ರ ನಂತರ ಪ್ರತಿಭಟನೆಗೆ ಸ್ವಾತಂತ್ರ್ಯ ಉದ್ಯಾನವೊಂದೇ ಗತಿ; ಕೊಪ್ಪಳದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಹೋದ ಅಂಗನವಾಡಿ ಕಾರ್ಯಕರ್ತೆ ವಿಧಾನಸೌಧಕ್ಕೆ ಕಾಣದಂತೆ ಅಲ್ಲಿ ಕೂರಬೇಕು. ಇನ್ನು ನಮ್ಮ ಪತ್ರಿಕಾಲೋಕದ ವಿಚಾರ. ಏಮ್ಸ್‌ಗಾಗಿ ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ಶಾಂತವಾಗಿ ನಡೆಯಿತು. ರಾಜಧಾನಿಯ ಎಷ್ಟು ಕ್ಯಾಮೆರಾಗಳು ಆ ಕಡೆ ತಿರುಗಿದವು? ಅಂಗಿ ಕಳಚದೆ, ರಸ್ತೆಯಲ್ಲಿ ಉರುಳದೆ ಬರಿದೇ ಕುಳಿತವರ ಫೋಟೊ ಒಳಪುಟಕ್ಕೂ ಏರುವುದಿಲ್ಲವೆಂಬುದನ್ನು ನಿಮ್ಮ ತಾಲ್ಲೂಕಿನ ರೈತರು ಬಹಳ ಹಿಂದೆಯೇ ಅರಿತಿದ್ದಾರೆ. ತಮ್ಮ ಮುಂದಿನ ಪತ್ರವನ್ನು ನೀರಾವರಿ ಇಲಾಖೆಗೆ ಬರೆಯಿರಿ. ಅದನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.