ಪಾರ್ಸೆಲ್ ಬೆಲೆ ಕಡಿಮೆ ಬರೆದರೆ ಕಸ್ಟಮ್ಸ್‌ನಿಂದ ಬೇಗ ಹೊರಬರುತ್ತದೆಯೇ?

ಇಲ್ಲ. ಎಷ್ಟೋ ಸಲ ತಡವಾಗುವುದೇ ಅದರಿಂದ. ಚೀಟಿಯಲ್ಲಿ 'ಆಟಿಕೆ, 5 ಡಾಲರ್' ಅಂತಿದ್ದು ಸ್ಕ್ಯಾನರ್‌ನಲ್ಲಿ ಕ್ಯಾಮೆರಾ ಕಂಡರೆ ಅಧಿಕಾರಿ ಸುಮ್ನೆ ಬಿಡುವುದಿಲ್ಲ, ಅಲ್ವಾ? ಪಾರ್ಸೆಲ್ ಪಕ್ಕಕ್ಕಿಟ್ಟು ಬಿಲ್ಲು, ಹಣ ಕಟ್ಟಿದ ದಾಖಲೆ ಕೇಳುತ್ತಾರೆ. ಅವು ಕೈಸೇರುವವರೆಗೆ ಅದು ಅಲ್ಲೇ ಕೂತಿರುತ್ತದೆ. ಸುಳ್ಳು ಅಂತ ಗೊತ್ತಾದರೆ ದಂಡ ಬೀಳಬಹುದು, ಮಾಲು ಜಪ್ತಿಯೂ ಆಗಬಹುದು.

ಜನ ಮರೆಯುವ ಇನ್ನೊಂದು ವಿಷಯವಿದೆ. ಪಾರ್ಸೆಲ್ ಕಳೆದುಹೋದರೆ ಪರಿಹಾರ ಲೆಕ್ಕ ಹಾಕುವಾಗ ನೀವು ಬರೆದ ಬೆಲೆಯನ್ನೇ ನೋಡುತ್ತಾರೆ. 200 ಡಾಲರ್ ವಸ್ತುವಿಗೆ 20 ಅಂತ ಬರೆದು, ಆಮೇಲೆ ಜಾಸ್ತಿ ಕೇಳುವುದು ಹೇಗೆ?

ಅಂಚೆಯಲ್ಲಾದರೆ ಒಳಗೇನಿದೆ, ಬೆಲೆ ಎಷ್ಟು ಅಂತ ಕಸ್ಟಮ್ಸ್‌ಗೆ ತಿಳಿಸಲು ಚಿಕ್ಕ ಪೊಟ್ಟಣಕ್ಕೆ ಸಿಎನ್ 22, ದೊಡ್ಡದಕ್ಕೆ ಸಿಎನ್ 23 ಫಾರಂ. ಬರೀ 'ಬಟ್ಟೆ' ಅನ್ನಬೇಡಿ, 'ಗಂಡಸರ ಹತ್ತಿ ಅಂಗಿ, 2' ಅಂತ ಬರೆಯಿರಿ. 6 ಅಂಕಿಯ ಎಚ್‌ಎಸ್ ಕೋಡ್ (ಯಾವ ಬಗೆಯ ಸರಕು ಅಂತ ತಿಳಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹಾಕಿದರೆ ಇನ್ನೂ ಒಳ್ಳೆಯದು.

'ಉಡುಗೊರೆ' ಅಂತ ಟಿಕ್ ಮಾಡಿದರೂ ನಿಜವಾದ ಬೆಲೆ ಬರೆಯಲೇಬೇಕು. ಮಾರುವವರು ತಾವಾಗಿಯೇ 'ಉಡುಗೊರೆ ಅಂತ ಕಳಿಸುತ್ತೇವೆ' ಅಂದರೆ ಬೇಡ ಅನ್ನಿ. ಸಿಕ್ಕಿಬಿದ್ದಾಗ ಕಸ್ಟಮ್ಸ್‌ನವರು ಮೊದಲು ವಿಚಾರಿಸುವುದು ನಿಮ್ಮನ್ನೇ.

ಎಲ್ಲ ಸರಿಯಾಗಿ ಬರೆದರೂ ಕೆಲವು ಪಾರ್ಸೆಲ್‌ಗಳನ್ನು ಸುಮ್ಮನೆ ಆರಿಸಿ ತೆರೆದು ನೋಡುವುದುಂಟು. ಅದಕ್ಕೆ ಕಾಯುವುದೊಂದೇ ದಾರಿ.