ಖಾಲಿ ಬಿಟ್ಟ ಪ್ರಶ್ನೆ

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದ ಒಬ್ಬ ವಿದ್ಯಾರ್ಥಿನಿಯ ಕತೆ ಇದು. ಹೆಸರು, ಊರು, ಮನೆಯವರ ಕಸುಬು, ಎಲ್ಲವನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಆಕೆಗೆ ಓದಿ ಹೇಳಿ, ಒಪ್ಪಿಗೆ ಪಡೆದ ಮೇಲೆ ಇಲ್ಲಿ ಹಾಕುತ್ತಿದ್ದೇನೆ.

ಪೂರ್ಣಿಮಾ ಎಂದು ಕರೆಯೋಣ. ಅವಳ ನಿಜವಾದ ಹೆಸರೂ ತುಟಿ ಮುಚ್ಚಿ ತೆರೆದು ಹೇಳಬೇಕಾದ ಅಕ್ಷರದಿಂದಲೇ ಶುರುವಾಗುತ್ತದೆ. ಅರಸೀಕೆರೆ ಕಡೆಯ ಹುಡುಗಿ, ತಂದೆ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿ ಬಿಎಎಸ್‌ಎಲ್‌ಪಿ ಸೇರಿದ್ದಳು. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಚಿಕಿತ್ಸೆ ಕೊಡುವುದನ್ನು ಕಲಿಸುವ ಪದವಿ ಅದು: ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮುಗಿಸಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಮೇಲೆಯೇ ವೃತ್ತಿ ನಡೆಸಬಹುದು. ನನ್ನ ಬಳಿ ಬಂದಾಗ ಅವಳು ಎರಡನೇ ವರ್ಷದಲ್ಲಿದ್ದಳು. ಕೈಯಲ್ಲಿ ಕಾಲೇಜು ಬಿಡುವ ಅರ್ಜಿ, ಸಹಿ ಒಂದೇ ಬಾಕಿ.

ಹೆಸರೇನು ಎಂದು ಕೇಳಿದೆ. ಅವಳು ಕುತ್ತಿಗೆಯಲ್ಲಿದ್ದ ಐಡಿ ಕಾರ್ಡನ್ನು ಎತ್ತಿ ನನ್ನ ಕಡೆ ತಿರುಗಿಸಿದಳು.

ಪೂರ್ಣಿಮಾಳಿಗೆ ಆರನೇ ವಯಸ್ಸಿನಿಂದಲೂ ಉಗ್ಗು ಇದೆ. ಆದರೆ ತರಗತಿಯಲ್ಲಿ ಅದು ಗೊತ್ತಿದ್ದವರು ಇಬ್ಬರೇ. ಉಳಿದವರ ಲೆಕ್ಕದಲ್ಲಿ ಅವಳು 'ತುಂಬಾ ಸೈಲೆಂಟ್' ಹುಡುಗಿ. ಮುಚ್ಚಿಡುವ ಕಲೆ ಅವಳಿಗೆ ಅಷ್ಟು ಸಿದ್ಧಿಸಿತ್ತು. ಪ, ಬ, ಮ ಮೊದಲಿಗೆ ಬರುವ ಮಾತು ಎದುರಾದರೆ ಅದಕ್ಕೊಂದು ಬದಲಿ ಸಿದ್ಧವಿರುತ್ತಿತ್ತು. 'ಮಗು' ಬದಲು 'ಕೂಸು', 'ಪೋಷಕರು' ಬದಲು 'ತಂದೆತಾಯಿ', 'ಬೆಳಿಗ್ಗೆ' ಬದಲು 'ಹೊತ್ತಾರೆ'. ಕ್ಲಿನಿಕ್ಕಿಗೆ ಬರುವ ತಾಯಂದಿರಿಗೆ ಈ ಹುಡುಗಿಯ ಹಳ್ಳಿ ಮಾತು ಹಿಡಿಸುತ್ತಿತ್ತಂತೆ. ಅದರ ಹಿಂದಿನ ದಣಿವು ಯಾರಿಗೂ ಕಾಣುತ್ತಿರಲಿಲ್ಲ. ಎದುರಿನವರು ಮಾತಾಡುತ್ತಿರುವಾಗಲೇ ತನ್ನ ಮುಂದಿನ ವಾಕ್ಯವನ್ನು ಅಕ್ಷರ ಅಕ್ಷರವಾಗಿ ತಡಕಿ ನೋಡುತ್ತಿದ್ದರೆ, ಅವರು ಹೇಳುವುದು ಪೂರ್ತಿ ಕಿವಿಗೆ ಬೀಳುವುದಾದರೂ ಹೇಗೆ?

ಹೆಸರಿಗೆ ಮಾತ್ರ ಬದಲಿ ಇಲ್ಲ. ಉಗ್ಗು ಇರುವ ಅನೇಕರಿಗೆ ತಮ್ಮ ಹೆಸರೇ ಎಲ್ಲಕ್ಕಿಂತ ಕಷ್ಟದ ಮಾತು.

ಅರ್ಜಿ ಬರೆಸಿದ ಘಟನೆ ಇದು. ಎರಡೂವರೆ ವರ್ಷದ ಗಂಡುಮಗುವನ್ನು ಅದರ ತಾಯಿ ಕರೆತಂದಿದ್ದರು. ಮಾತು ಬಂದಿಲ್ಲ, ಕರೆದರೆ ತಿರುಗುವುದಿಲ್ಲ. ಕೇಸ್ ಹಿಸ್ಟರಿ, ಅಂದರೆ ಮಗುವಿನ ಮತ್ತು ಮನೆಯವರ ಹಿನ್ನೆಲೆ ಕೇಳಿ ಬರೆದುಕೊಳ್ಳುವ ಸರದಿ ಪೂರ್ಣಿಮಾಳದು. ಗಾಜಿನ ಆಚೆ ಸೂಪರ್‌ವೈಸರ್, ಜೊತೆಗೆ ಐದಾರು ಸಹಪಾಠಿಗಳು. 'ಸಂಬಂಧದಲ್ಲಿ...' ಎಂದವಳು 'ಮದುವೆ'ಯ ಮೊದಲ ಅಕ್ಷರಕ್ಕೆ ನಿಂತಳು. ತುಟಿ ಅಂಟಿಕೊಂಡಿತು, ದವಡೆ ನಡುಗಿತು. ತಾಯಿ "ಏನ್ ಮೇಡಂ?" ಅಂದರು. ಇವಳು ಮುಂದಿನ ಪ್ರಶ್ನೆಗೆ ಹಾರಿಬಿಟ್ಟಳು. ಫಾರಂನಲ್ಲಿ ಆ ಜಾಗ ಖಾಲಿ ಉಳಿಯಿತು. ಆಮೇಲೆ ಎಲ್ಲರ ಮುಂದೆಯೇ ಸೂಪರ್‌ವೈಸರ್ ಕೇಳಿದ್ದು: "ಇನ್ನೊಬ್ಬರಿಗೆ ಮಾತು ಕಲಿಸೋಕೆ ಬಂದಿರೋರು ನೀವು, ಒಂದು ಪ್ರಶ್ನೆ ಕೇಳೋಕಾಗಲ್ವಾ?"

ಇಷ್ಟನ್ನು ಹೇಳಲು ಅವಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ನಡುವೆ ಎರಡು ಸಲ ಅವಳ ಮಾತನ್ನು ನಾನೇ ಪೂರ್ತಿ ಮಾಡಿಬಿಟ್ಟೆ. ಎರಡನೆಯ ಸಲ ಅವಳ ಮುಖ ನೋಡಿದಾಗ ತಪ್ಪು ಗೊತ್ತಾಯಿತು, ಕ್ಷಮೆ ಕೇಳಿದೆ. ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು ನಾವು ಅವರ ಬಾಯಿಂದ ಮಾತು ಕಸಿದುಕೊಳ್ಳುತ್ತೇವೆ. ಕಾಯುವುದಷ್ಟೇ ನಮ್ಮ ಕೆಲಸ.

ಆ ಹೊತ್ತಿಗೆ ಅವಳಿಗೆ ಬೇಕಿದ್ದದ್ದು ಒಂದೇ ಉತ್ತರ: ಉಗ್ಗು ಇರುವವಳು ಸ್ಪೀಚ್ ಥೆರಪಿಸ್ಟ್ ಆಗಬಹುದೇ, ಬಾರದೇ? ಆಗಬಹುದು ಎಂದು ನಾನು ಹೇಳಿಬಿಟ್ಟರೆ ಅದು ಬರೀ ಸಮಾಧಾನವಾಗುತ್ತಿತ್ತು. ಅದಕ್ಕೇ ಚಾರ್ಲ್ಸ್ ವ್ಯಾನ್ ರೈಪರ್ ಅವರ ಬಗ್ಗೆ ಅವಳ ಪಠ್ಯದಲ್ಲಿ ಏನಿದೆ ಎಂದು ಕೇಳಿದೆ. ಉಗ್ಗಿನ ಚಿಕಿತ್ಸೆಗೆ ಅವರು ಹೇಳಿದ ಮೂರು ತಂತ್ರ, ಕ್ಯಾನ್ಸಲೇಶನ್, ಪುಲ್‌ಔಟ್, ಪ್ರಿಪರೇಟರಿ ಸೆಟ್, ಮೂರನ್ನೂ ಬರೆದು ತೋರಿಸಿದಳು. ಉಗ್ಗನ್ನು ತಡೆಯಲು ಹೆಣಗುವ ಬದಲು ಒತ್ತಡವಿಲ್ಲದೆ, ಹಗುರವಾಗಿ ಉಗ್ಗುವುದನ್ನು ಕಲಿಸುವ ಈ ಕ್ರಮವನ್ನು ರೂಪಿಸಿ, 1936ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಕ್ಲಿನಿಕ್ ತೆರೆದ ಆ ಮನುಷ್ಯನಿಗೆ ಸ್ವತಃ ತೀವ್ರ ಉಗ್ಗಿತ್ತು. ಈ ಶಾಸ್ತ್ರ ಕಟ್ಟಿದ ಮೊದಲ ತಲೆಮಾರಿನ ಇನ್ನೊಂದು ದೊಡ್ಡ ಹೆಸರು, ಅಯೋವಾದ ವೆಂಡೆಲ್ ಜಾನ್ಸನ್. ಅವರೂ ಉಗ್ಗುತ್ತಿದ್ದವರೇ. ಪೂರ್ಣಿಮಾ ಮೂರು ಸೆಮಿಸ್ಟರ್‌ಗಳಲ್ಲಿ ಈ ಹೆಸರುಗಳನ್ನು ಓದಿ ಪರೀಕ್ಷೆ ಬರೆದಿದ್ದಳು. ಅವರಿಗೆ ಉಗ್ಗಿತ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ. ನೂರು ಜನ ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಉಗ್ಗು ಇರುತ್ತದೆ ಎಂದು ಕಲಿಸುವ ತರಗತಿ, ಆ ಒಬ್ಬರು ಬೆಂಚಿನ ಮೇಲೂ ಕೂತಿರಬಹುದು ಎಂದು ನೆನೆಯಬೇಕು.

ಎರಡನೇ ಭೇಟಿಯಲ್ಲಿ ಖಾಲಿ ಬಿಟ್ಟ ಪ್ರಶ್ನೆಗೆ ಮರಳಿದೆವು. "ಅದನ್ನ ಯಾಕೆ ಕೇಳ್ತಾರೆ?" ಅಂದೆ. ಈ ಸಲ ಅವಳ ಉತ್ತರದಲ್ಲಿ ಹಿಂಜರಿಕೆ ಇರಲಿಲ್ಲ, ತಡೆ ಇತ್ತು ಅಷ್ಟೆ. ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಇನ್ನೂ ಇದೆ. ಹುಟ್ಟಿನಿಂದ ಬರುವ ಕೆಲವು ಬಗೆಯ ಕಿವುಡು ವಂಶದಲ್ಲಿ ಹರಿಯುತ್ತದೆ. ಹತ್ತಿರದ ರಕ್ತಸಂಬಂಧದಲ್ಲಿ ಅದು ಮಗುವಿಗೆ ಇಳಿಯುವ ಸಾಧ್ಯತೆ ಹೆಚ್ಚು. ಇಷ್ಟು ಹೇಳಿ ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು, "ಆ ತಾಯಿಗೆ ಈಗ ಐದು ತಿಂಗಳು, ಮೇಡಂ" ಅಂದಳು.

ನನ್ನ ಸಲಹೆಗಳೆಲ್ಲ ಈ ಮಾತಿನಿಂದ ಹುಟ್ಟಿದವು. ಉಗ್ಗಿನಿಂದ ಆ ತಾಯಿಗೆ ನಷ್ಟವಾಗಿರಲಿಲ್ಲ, ಉಗ್ಗನ್ನು ಬಚ್ಚಿಟ್ಟಿದ್ದರಿಂದ ಆಗಿತ್ತು. ಅರ್ಧ ನಿಮಿಷ ತಡವರಿಸಿ ಕೇಳಿದ್ದರೂ ಉತ್ತರ ಸಿಗುತ್ತಿತ್ತು. ಇದನ್ನು ಅವಳಿಗೆ ನೇರವಾಗಿಯೇ ಹೇಳಿದೆ. ಅವಳು ಅತ್ತಳು. ಆದರೆ ಅರ್ಜಿಯನ್ನು ಬ್ಯಾಗಿನೊಳಗೆ ಹಾಕಿಕೊಂಡಳು.

ಮೊದಲ ಸಲಹೆ: ಆ ತಾಯಿ ಮುಂದಿನ ವಾರ ಬರುವಾಗ ಆ ಪ್ರಶ್ನೆಯನ್ನು ನೀನೇ ಕೇಳು. ಕೇಳುವ ಮೊದಲು ಒಂದು ಮಾತು ಹೇಳು. ಆ ಮಾತನ್ನು ಇಬ್ಬರೂ ಕೂತು ಅವಳ ಭಾಷೆಯಲ್ಲೇ ಹೊಸೆದೆವು: "ನಂಗೆ ಉಗ್ಗು ಐತೆ ಅಕ್ಕಾ, ಒಂದೊಂದ್ ಸಲ ಮಾತು ನಿಂತೋಯ್ತದೆ, ಚೂರು ಕಾಯಿ." ಕ್ಷಮಿಸಿ ಎಂಬುದು ಅದರಲ್ಲಿ ಬೇಡ ಎಂದು ನಾನು ಹಟ ಹಿಡಿದೆ. ಮುಂಚೆಯೇ ಹೇಳಿಬಿಟ್ಟರೆ ಬಚ್ಚಿಡುವ ಕೆಲಸ ತಪ್ಪುತ್ತದೆ, ಎದುರಿನವರಿಗೂ ಗಾಬರಿಯಾಗುವುದಿಲ್ಲ.

ಎರಡನೆಯದು, ಎರಡು ವಾರ ಬದಲಿ ಪದಗಳ ಲೆಕ್ಕ ಇಡುವುದು. ಬಾಯಿಗೆ ಬಂದ ಮಾತು ಯಾವುದು, ಆಡಿದ್ದು ಯಾವುದು. ಮೊದಲ ದಿನವೇ ಅವಳ ಪುಸ್ತಕದ ಎರಡು ಪುಟ ತುಂಬಿತು.

ಚಿಕಿತ್ಸೆಯ ವಿಷಯದಲ್ಲಿ ನಾನು ಎಚ್ಚರವಹಿಸಿದೆ. ನಾನು ಆಪ್ತಸಲಹೆಗಾರ್ತಿ, ಮಾತಿನ ಚಿಕಿತ್ಸಕಿಯಲ್ಲ. ಅವಳ ಕಾಲೇಜಿನಲ್ಲಿ ಚಿಕಿತ್ಸಕರಿಗೇನೂ ಕೊರತೆಯಿಲ್ಲ, ಆದರೆ ಅವರೇ ಅವಳಿಗೆ ಅಂಕ ಕೊಡುವವರು. ಅಂಕ ಕೊಡುವವರ ಮುಂದೆ ಯಾರೂ ಮನಸ್ಸು ಬಿಚ್ಚಿ ಉಗ್ಗಲಾರರು. ಹಾಗಾಗಿ ಚಿಕಿತ್ಸೆ ಹೊರಗೇ ಆಗಲಿ ಎಂದೆ. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮ ಜನರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್', ಊರಿಗೆ ಹೋಗಿಬರುವ ದಾರಿಯಲ್ಲಿ ಅವಳಿಗೆ ಅನುಕೂಲವಾಗಿತ್ತು. ಅಲ್ಲಿ ಹೆಸರು ಬರೆಸಿದಳು.

ಅವಳಿಗಿದ್ದ ಇನ್ನೊಂದು ಭಯ, ಮಕ್ಕಳು ತನ್ನಿಂದ ಉಗ್ಗು ಕಲಿತರೆ? ಅದು ಅಂಟುವ ಜಾಡ್ಯವಲ್ಲ ಎಂದು ಅವಳಿಗೇ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದಳು. ಮನಸ್ಸು ಒಪ್ಪಿರಲಿಲ್ಲ. ಮಕ್ಕಳ ಜೊತೆ ಆಡಿದ ಹೊತ್ತನ್ನು ನೆನಪಿಸಿಕೊಳ್ಳಲು ಹೇಳಿದೆ. ಮಗುವಿನ ಜೊತೆ ದನಿ ಸೇರಿಸಿ 'ಪಾಪ', 'ಬಸ್' ಎನ್ನುವಾಗ, ಹಾಡು ಹೇಳುವಾಗ ಒಮ್ಮೆಯೂ ನಿಂತಿಲ್ಲ ಎಂದು ಅವಳೇ ಕಂಡುಕೊಂಡಳು. ಒಟ್ಟಿಗೆ ನುಡಿಯುವಾಗಲೂ ಹಾಡುವಾಗಲೂ ಹೆಚ್ಚಿನವರ ಉಗ್ಗು ತೀರಾ ಕಡಿಮೆಯಾಗುತ್ತದೆ ಎಂಬುದು ಈ ಶಾಸ್ತ್ರಕ್ಕೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಪುಸ್ತಕದಲ್ಲಿದ್ದದ್ದು ತನ್ನ ಬಾಯಲ್ಲೇ ನಡೆಯುತ್ತಿದೆ ಎಂದು ತಿಳಿದಾಗ ಅವಳ ಕಣ್ಣಲ್ಲಿ ವಿದ್ಯಾರ್ಥಿನಿಯ ಕುತೂಹಲ ಮತ್ತೆ ಕಂಡಿತು.

ಅವಳ ಒಪ್ಪಿಗೆಯ ಮೇರೆಗೆ ವಿಭಾಗದ ಮುಖ್ಯಸ್ಥರನ್ನು ನಾನೂ ಭೇಟಿಯಾದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತು ಮತ್ತು ಭಾಷೆಯ ವೈಕಲ್ಯವನ್ನು ವಿವರಿಸುವಾಗ ಧ್ವನಿಪೆಟ್ಟಿಗೆ ತೆಗೆಸಿಕೊಂಡವರನ್ನು, ಮಿದುಳಿಗೆ ಪೆಟ್ಟಾಗಿ ಭಾಷೆ ಕಳೆದುಕೊಂಡವರನ್ನು ಹೆಸರಿಸುತ್ತದೆ, ಉಗ್ಗನ್ನು ಹೆಸರಿಸುವುದಿಲ್ಲ. ಪ್ರಮಾಣಪತ್ರ ಹಿಡಿದು ಹಕ್ಕು ಎಂದು ಕೇಳುವ ದಾರಿ ಇರಲಿಲ್ಲ. ಹಾಗಾಗಿ ನ್ಯಾಯವನ್ನೇ ಕೇಳಿದೆ: ಏನು ಕೇಳಿದಳು, ಯಾಕೆ ಕೇಳಿದಳು, ಉತ್ತರದಿಂದ ಏನು ಗ್ರಹಿಸಿದಳು ಎಂಬುದಕ್ಕೆ ಅಂಕ ಕೊಡಿ, ಎಷ್ಟು ಹೊತ್ತು ತೆಗೆದುಕೊಂಡಳು ಎಂಬುದಕ್ಕೆ ಅಂಕ ಕಳೆಯಬೇಡಿ. ಆಂತರಿಕ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹತ್ತು ನಿಮಿಷ ಹೆಚ್ಚು ಕೊಡಲು ಒಪ್ಪಿದರು. ವಿಶ್ವವಿದ್ಯಾಲಯದ ವೈವಾ ತಮ್ಮ ಕೈಯಲ್ಲಿಲ್ಲ ಎಂದರು.

ಮೂರನೇ ಭೇಟಿಗೆ ಅವಳ ತಂದೆ ಬಂದಿದ್ದರು. ಹೆಗಲ ಮೇಲೆ ಟವೆಲ್, ಮಾತು ಕಡಿಮೆ. ಮಗಳನ್ನು ಕರೆಯುವುದು "ಅವ್ವಾ" ಎಂದೇ. ಹಾಜರಿ ಪುಸ್ತಕಕ್ಕೆಂದು ಮಗಳ ಪೂರ್ತಿ ಹೆಸರು ಕೇಳಿದೆ. ಅವರ ತುಟಿ ಅಂಟಿಕೊಂಡಿತು. ಪೂರ್ಣಿಮಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮೊದಲ ವರ್ಷದಲ್ಲಿ ಅಭ್ಯಾಸಕ್ಕೆಂದು ತನ್ನದೇ ಕೇಸ್ ಹಿಸ್ಟರಿ ಬರೆದಾಗ 'ಮನೆಯಲ್ಲಿ ಬೇರೆ ಯಾರಿಗಾದರೂ' ಎಂಬಲ್ಲಿ 'ಇಲ್ಲ' ಎಂದು ತುಂಬಿದ್ದಳಂತೆ. ಉಗ್ಗು ವಂಶದಲ್ಲಿ ಬರಬಹುದು ಎಂದು ಓದಿಯೂ ಇದ್ದಳು. ಅವರ ಮಾತು ಹೊರಡುವವರೆಗೆ ನಾವಿಬ್ಬರೂ ಕಾದೆವು.

ಆ ತಾಯಿ ಮರುವಾರ ಬಂದರು. ಪೂರ್ಣಿಮಾ ತನ್ನ ಮಾತು ಹೇಳಿ, ಪ್ರಶ್ನೆ ಕೇಳಿದಳು. 'ಮದುವೆ' ಎನ್ನಲು ನಾಲ್ಕು ಸಲ ಪ್ರಯತ್ನ ಬೇಕಾಯಿತು. ತಾಯಿ ಕಾದರು. ಸೋದರಮಾವನಿಗೇ ಕೊಟ್ಟಿದ್ದಾರೆ, ಗಂಡನ ಅಣ್ಣನ ಮಗಳಿಗೂ ಕಿವಿ ಕೇಳಿಸುವುದಿಲ್ಲ ಎಂದು ತಿಳಿಯಿತು. ಹುಟ್ಟಲಿರುವ ಮಗುವಿನ ಶ್ರವಣ ತಪಾಸಣೆ ಮೊದಲ ತಿಂಗಳೊಳಗೇ ಆಗಬೇಕು, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತಪಡಿಸಿಕೊಳ್ಳಬೇಕು, ಕಿವುಡಿದ್ದರೆ ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ ಶುರುವಾಗಬೇಕು ಎಂಬುದನ್ನು ಸೂಪರ್‌ವೈಸರ್ ಸಮ್ಮುಖದಲ್ಲಿ ಇವಳೇ ವಿವರಿಸಿದಳು.

ಈಗ ಅವಳು ಮೂರನೇ ವರ್ಷದಲ್ಲಿದ್ದಾಳೆ. ಉಗ್ಗು ಇದೆ. ಮೊದಲಿಗಿಂತ ಹೆಚ್ಚು ಕೇಳಿಸುತ್ತದೆ, ಮುಚ್ಚಿಡುತ್ತಿಲ್ಲವಲ್ಲ. ಫೋನ್ ಮಾತ್ರ ಇನ್ನೂ ಕಷ್ಟ. ಪೋಷಕರಿಗೆ ಕರೆ ಮಾಡಿ ಹೆಸರು ಹೇಳುವಷ್ಟರಲ್ಲಿ ಆ ಕಡೆಯವರು ಲೈನ್ ಕಟ್ಟಾಯಿತೆಂದು ಇಟ್ಟುಬಿಡುತ್ತಾರೆ. ಬರುವ ಗುರುವಾರ ನನ್ನ ಕೋಣೆಯಿಂದಲೇ ಮೂರು ಕರೆ ಮಾಡುವುದೆಂದು ಮಾತಾಗಿದೆ. ಮೊದಲನೆಯದು ಅಪ್ಪನಿಗೆ.