ಮೋಗ್ಲಿಗೆ ಕಂದು ಬಣ್ಣ ಬಳಿಯಬೇಕೆ? ಬ್ರಿಟನ್ನಿಗೆ ಹೊಸದಾಗಿ ಬಂದವರಿಗೊಂದು ಉತ್ತರ

ನೀವು ಕೇಳಿದ್ದು ಮೂರು ವಿಷಯ. ಮಗಳ ಪ್ರೈಮರಿ ಶಾಲೆಯಲ್ಲಿ ಜಂಗಲ್ ಬುಕ್ ನಾಟಕ ಆಡಿಸುತ್ತಿದ್ದಾರೆ, ಮೋಗ್ಲಿ ಪಾತ್ರದ ಬಿಳಿ ಹುಡುಗನ ಮುಖ, ಕೈಗೆ ಕಂದು ಬಣ್ಣ ಹಚ್ಚುವ ಮಾತು ನಡೆದಿದೆ. ಬೇಡ ಅನ್ನಬೇಕೋ, ಸುಮ್ಮನಿರಬೇಕೋ? ಆಫೀಸಿನಲ್ಲಿ ಒಬ್ಬರು ಹಳೆಯ ಟೀವಿ ಧಾರಾವಾಹಿಯ ಇಂಡಿಯನ್ ಪಾತ್ರದ ಧ್ವನಿ ತೆಗೆದು ನಿಮ್ಮೊಂದಿಗೆ ಮಾತಾಡುತ್ತಾರೆ, ನಗಬೇಕೋ ಬೇಡವೋ? ಇಲ್ಲಿನ ಟೀವಿ, ಪತ್ರಿಕೆಗಳಲ್ಲಿ ನಮ್ಮವರನ್ನು ತಪ್ಪಾಗಿ ತೋರಿಸಿದರೆ ಕೇಳುವವರು ಯಾರಾದರೂ ಇದ್ದಾರೆಯೇ? ನಾಟಕಕ್ಕೆ ದಿನ ಹತ್ತಿರ ಬಂದಿರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಬೇಡ ಅಂತಲೇ ಹೇಳಿ. ಆದರೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಮೊದಲು ಹಾಕಬೇಡಿ. ಅಲ್ಲಿಗೆ ಹೋದ ಕೂಡಲೇ ಮಾತು ಬಣ್ಣದ ಬಗ್ಗೆ ಉಳಿಯುವುದಿಲ್ಲ, ಆ ಹುಡುಗನ ಅಪ್ಪ ಅಮ್ಮನ ಬಗ್ಗೆ ಆಗುತ್ತದೆ. ಟೀಚರ್ ತಮ್ಮನ್ನು ಸಮರ್ಥಿಸಿಕೊಳ್ಳಲು ನಿಂತುಬಿಡುತ್ತಾರೆ. ಕ್ಲಾಸ್ ಟೀಚರಿಗೆ ನಾಲ್ಕು ಸಾಲಿನ ಈಮೇಲ್ ಸಾಕು: ನಾಟಕ ಆಗುತ್ತಿರುವುದು ಸಂತೋಷ, ಮೋಗ್ಲಿ ಆ ಹುಡುಗನೇ ಆಗಲಿ, ಮೈಬಣ್ಣ ಮಾತ್ರ ಬಳಿಯುವುದು ಬೇಡ, ಏಕೆಂದರೆ ಅದೇ ಕ್ಲಾಸಿನಲ್ಲಿ ಆ ಬಣ್ಣದ ಮಕ್ಕಳು ಕೂತಿದ್ದಾರೆ, ಪೋಷಾಕಿಗೆ ಸಹಾಯ ಬೇಕಿದ್ದರೆ ಮಾಡುತ್ತೇವೆ. ಬಹುಪಾಲು ಕಡೆ ಇಷ್ಟಕ್ಕೇ ಕೆಲಸ ಮುಗಿಯುತ್ತದೆ, ಬಣ್ಣದ ಯೋಚನೆ ದುರುದ್ದೇಶದಿಂದಲ್ಲ, ಯೋಚಿಸದೇ ಬಂದದ್ದು. ಒಪ್ಪದಿದ್ದರೆ ಹೆಡ್‌ಟೀಚರ್, ಆಮೇಲೆ ಗವರ್ನರುಗಳು, ಅಂದರೆ ಶಾಲೆಯ ಆಡಳಿತ ಮಂಡಳಿಯವರು; ದೂರಿನ ಕ್ರಮ ಶಾಲೆಯ ವೆಬ್‌ಸೈಟಿನಲ್ಲೇ ಇರುತ್ತದೆ.

ಇಲ್ಲಿ ಎಡವುವ ಜಾಗ ಒಂದಿದೆ. ಸಿಟ್ಟಿನಲ್ಲಿ ಕೆಲವರು ‘ಜಂಗಲ್ ಬುಕ್ ಬರೆದ ಕಿಪ್ಲಿಂಗ್ ವಸಾಹತುಶಾಹಿ ಲೇಖಕ, ನಾಟಕವನ್ನೇ ನಿಲ್ಲಿಸಿ’ ಎಂದು ಬರೆಯುತ್ತಾರೆ. ಇಲ್ಲಿನ ತಾರತಮ್ಯ ವಿರೋಧಿ ಕಾನೂನಾದ 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ ಪಠ್ಯಕ್ರಮದಲ್ಲಿ ಏನಿರಬೇಕು ಎಂಬುದನ್ನು ತಾರತಮ್ಯ ಎಂದು ಪ್ರಶ್ನಿಸಲು ಬರುವುದಿಲ್ಲ. ಅದನ್ನು ಹೇಗೆ ಕಲಿಸುತ್ತಾರೆ ಎಂಬುದನ್ನು ಪ್ರಶ್ನಿಸಬಹುದು. ಕಿಪ್ಲಿಂಗ್ ಮೊದಲನೆಯದು, ಬಣ್ಣದ ಡಬ್ಬಿ ಎರಡನೆಯದು. ಎರಡನೆಯದನ್ನೇ ಹಿಡಿದುಕೊಳ್ಳಿ.

ಇದರ ತಿರುಗು ತಪ್ಪೂ ಇದೆ. ನಿಮ್ಮ ಮಾತು ಕೇಳಿ ಶಾಲೆಯವರು ಗಾಬರಿಯಾಗಿ ‘ಹಾಗಾದರೆ ನಿಮ್ಮ ಮಗಳೇ ಮೋಗ್ಲಿ ಆಗಲಿ’ ಅನ್ನಬಹುದು. ಅವಳಿಗೆ ಇಷ್ಟವಿದ್ದರೆ ಸರಿ. ಅವಳು ಕರಿಚಿರತೆ ಬಘೀರಾ ಆಗಬೇಕು ಅಂದುಕೊಂಡಿದ್ದರೆ ಬಘೀರಾನೇ ಆಗಲಿ. ಕಂದು ಮಗುವಿಗೆ ಕಂದು ಪಾತ್ರ ಮಾತ್ರ ಅನ್ನುವುದೂ ಅದೇ ಕಾಯಿಲೆ.

ಟೀಚರಿಗೆ ಬರೆಯುವಾಗ ಒಂದು ಸಂಗತಿ ಸೇರಿಸಿ, ಅವರಿಗೂ ಹಿಡಿಸುತ್ತದೆ. 1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ಮೋಗ್ಲಿ ಆದವನು ನಮ್ಮ ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮಹಾರಾಜರ ಆನೆ ಮಾವುತನ ಮಗ. ಆನೆ ಚಿತ್ರ ತೆಗೆಯಲು ಮೈಸೂರಿಗೆ ಬಂದಿದ್ದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದು, 1937ರ ‘ಎಲಿಫೆಂಟ್ ಬಾಯ್’ನಲ್ಲಿ ನಾಯಕನಾದ. ಆ ಚಿತ್ರದ ಪಾತ್ರವರ್ಗವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹುಡುಗ ನಮ್ಮವನು, ಆನೆ ನಮ್ಮದು, ಕಾಡು ನಮ್ಮದು. ಹುಡುಗನ ಅಪ್ಪನಾಗಿ ನಟಿಸಿದವನು ಬಣ್ಣ ಹಚ್ಚಿಕೊಂಡ ಇಂಗ್ಲಿಷ್ ನಟ, ಹಿರಿಯ ಆನೆಗಾರ ಮಾಚುವ ಅಪ್ಪನೂ ಹಾಗೇ. ಮಾತಿನ ತೂಕವಿರುವ ದೊಡ್ಡವರ ಪಾತ್ರಗಳೆಲ್ಲ ಲಂಡನ್ನಿನವರಿಗೆ, ಮೈ ತೋರಿಸುವ ಪಾತ್ರ ಮಾತ್ರ ಮೈಸೂರಿನವನಿಗೆ.

ಹತ್ತು ವರ್ಷದ ಮೇಲೆ, 1947ರಲ್ಲಿ, ಹಿಮಾಲಯದ ಕಥೆಯ ‘ಬ್ಲ್ಯಾಕ್ ನಾರ್ಸಿಸಸ್’ ಬಂತು. ಹಿಮಾಲಯವನ್ನು ಕಟ್ಟಿದ್ದು ಪೈನ್‌ವುಡ್ ಸ್ಟುಡಿಯೋದಲ್ಲಿ, ಗಾಜಿನ ಮೇಲೆ ಬರೆದ ಚಿತ್ರಗಳ ಸಹಾಯದಿಂದ. ಸಾಬು ಅದರಲ್ಲಿ ಯುವರಾಜ. ಅವನ ಎದುರಿಗೆ ಕಾಂಚಿ ಎಂಬ ಹುಡುಗಿಯಾಗಿ ಇಂಗ್ಲಿಷ್ ನಟಿ ಜೀನ್ ಸಿಮನ್ಸ್, ಮೈಗೆಲ್ಲ ಕಂದು ಬಣ್ಣ, ಮೂಗಿಗೆ ಆಭರಣ, ಚಿತ್ರವಿಡೀ ಒಂದು ಮಾತೂ ಇಲ್ಲ. ಮುದುಕ ಜನರಲ್, ಆಯಾ, ಇಬ್ಬರೂ ಬಿಳಿಯರೇ. ಕ್ಯಾಮೆರಾ ಕೆಲಸ ಅದ್ಭುತ, ಆಸ್ಕರ್ ಬಂದದ್ದು ಸುಮ್ಮನಲ್ಲ. ಆದರೆ ಕಂದು ಮುಖವನ್ನು ಇಷ್ಟು ಚೆನ್ನಾಗಿ ಬೆಳಗಿಸಬಲ್ಲವರು ಆ ಮುಖವನ್ನು ಹುಡುಕುವ ಗೋಜಿಗೇ ಹೋಗಲಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’. ಕಥೆಯಲ್ಲಿ ಬರುವ ಮರಾಬಾರ್ ಗುಹೆಗಳಿಗಾಗಿ ನಮ್ಮ ಸಾವನದುರ್ಗ, ರಾಮನಗರದ ಬಂಡೆ ಬೇಕಾಯಿತು. ಬ್ರಾಹ್ಮಣ ಪ್ರೊಫೆಸರ್ ಗೋಡ್‌ಬೋಲೆಗೆ ಇಂಗ್ಲಿಷ್ ನಟ ಆಲೆಕ್ ಗಿನ್ನೆಸ್ ಬೇಕಾದರು.

ಇನ್ನು ಇವತ್ತಿನ ಕಥೆ. ಮುಖಕ್ಕೆ ಬಣ್ಣ ಬಳಿಯುವುದು ಈಗ ಅಪರೂಪ. ಕೆಲಸ ಬೇರೆ ಕಡೆ ನಡೆಯುತ್ತದೆ. ಸಾಹಸ ದೃಶ್ಯಗಳಲ್ಲಿ ಕಂದು ನಟನ ಬದಲಿಗೆ ಜಿಗಿಯಲು ಬಿಳಿ ಡ್ಯೂಪ್‌ಗೆ ಬಣ್ಣ ಹಚ್ಚುವುದುಂಟು, ಸೆಟ್ಟಿನಲ್ಲಿ ಅದಕ್ಕೆ ‘ಪೇಂಟಿಂಗ್ ಡೌನ್’ ಅನ್ನುತ್ತಾರೆ. ಇಂಡಿಯಾ, ಬಾಂಗ್ಲಾದೇಶ, ಮೆಕ್ಸಿಕೋ ಬಂದ ಕೂಡಲೇ ಕಲರ್ ಗ್ರೇಡಿಂಗ್‌ನಲ್ಲಿ ಚಿತ್ರಕ್ಕೆಲ್ಲ ಹಳದಿ ಹಚ್ಚುತ್ತಾರೆ, ಊರೇ ಕಾಮಾಲೆ ಹಿಡಿದಂತೆ. 2020ರಲ್ಲಿ ನೆಟ್‌ಫ್ಲಿಕ್ಸ್‌ನ ‘ಎಕ್ಸ್‌ಟ್ರ್ಯಾಕ್ಷನ್’ ಚಿತ್ರದ ಢಾಕಾ ನೋಡಿದವರಿಗೆ ಗೊತ್ತು. ಮೂರನೆಯದು ಪಾತ್ರವನ್ನೇ ಬೆಳ್ಳಗೆ ಮಾಡುವುದು. 2010ರ ‘ದಿ ಲಾಸ್ಟ್ ಏರ್‌ಬೆಂಡರ್’ ಚಿತ್ರದ ಮೂಲ ಕಾರ್ಟೂನಿನಲ್ಲಿ ಇದ್ದದ್ದು ಏಷ್ಯಾ ಮತ್ತು ಇನ್ಯೂಯಿಟ್ (ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳು) ಮಾದರಿಯ ಲೋಕ. ಚಿತ್ರದಲ್ಲಿ ನಾಯಕರು ಮೂವರೂ ಬಿಳಿಯರು, ಶತ್ರುಪಡೆಯೆಲ್ಲ ಕಂದು. ನಟರನ್ನು ಕರೆದ ಪ್ರಕಟಣೆಯಲ್ಲೇ ‘ಕಾಕೇಷಿಯನ್ ಅಥವಾ ಬೇರೆ ಯಾವುದೇ ಜನಾಂಗ’ ಎಂದಿತ್ತು. ಆ ಪದಗಳ ಸರದಿ ಗಮನಿಸಿ. ನಿರ್ದೇಶಕರು ಪುದುಚೇರಿಯ ಮಾಹೆಯಲ್ಲಿ ಹುಟ್ಟಿದ ಶ್ಯಾಮಲನ್ ಎಂಬುದನ್ನೂ ಗಮನಿಸಿ. ನಮ್ಮವರೊಬ್ಬರು ಮೇಲೆ ಕೂತರೆ ಎಲ್ಲ ಸರಿಹೋಗುತ್ತದೆ ಎಂಬ ಲೆಕ್ಕ ಅಲ್ಲೇ ತಪ್ಪುತ್ತದೆ.

ಯಾಕೆ ಹೀಗೆ ಅಂದರೆ ಕೊಡುವ ಕಾರಣ ದುಡ್ಡು. ಚಿತ್ರ ತೆಗೆಯುವ ಮೊದಲೇ ದೇಶದೇಶದ ವಿತರಕರಿಗೆ ಹಕ್ಕು ಮಾರಿ ಬಂಡವಾಳ ಎತ್ತುತ್ತಾರೆ, ಅವರು ಕೇಳುವುದು ಪೋಸ್ಟರಿನ ಮೇಲಿನ ಹೆಸರು. ಹೆಸರು ಬರಬೇಕಾದರೆ ಮೊದಲು ದೊಡ್ಡ ಪಾತ್ರ ಸಿಗಬೇಕು, ದೊಡ್ಡ ಪಾತ್ರ ಸಿಗಬೇಕಾದರೆ ಮೊದಲು ಹೆಸರಿರಬೇಕು. 2018ರಲ್ಲಿ ಸುಮಾರು 3 ಕೋಟಿ ಡಾಲರಿನಲ್ಲಿ, ಪೂರ್ತಿ ಏಷ್ಯನ್ ಮೂಲದ ಮುಖ್ಯ ನಟರೊಂದಿಗೆ ತೆಗೆದ ‘ಕ್ರೇಜಿ ರಿಚ್ ಏಷ್ಯನ್ಸ್’ 23 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ ಮೇಲೆ ಆ ವಾದದ ಗಾಳಿ ಸ್ವಲ್ಪ ಇಳಿದಿದೆ. ನಟರು ತಾವೇ ನಿರಾಕರಿಸಿದ್ದೂ ಉಂಟು: ಲಂಡನ್ನಿನ ಎಡ್ ಸ್ಕ್ರೈನ್ 2017ರಲ್ಲಿ ‘ಹೆಲ್‌ಬಾಯ್’ ಚಿತ್ರದ ಪಾತ್ರ ಮೂಲದಲ್ಲಿ ಜಪಾನಿ ಅಮೆರಿಕನ್ ಎಂದು ಗೊತ್ತಾದಾಗ ಬಿಟ್ಟುಕೊಟ್ಟರು, ಅದು ಡೇನಿಯಲ್ ಡೇ ಕಿಮ್ ಪಾಲಿಗೆ ಬಂತು.

ಬಣ್ಣದ ಮಾತು ಬಂದಾಗ ಬೆಳಕನ್ನು ಬಿಡಬಾರದು, ಶಾಲೆಯ ಹಾಲಿನಲ್ಲಿ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು ಇದೇ. ದಶಕಗಳ ಕಾಲ ಫೋಟೋ ಲ್ಯಾಬುಗಳಲ್ಲಿ ಬಣ್ಣ ಹೊಂದಿಸುತ್ತಿದ್ದದ್ದು ಕೊಡಾಕ್‌ನ ‘ಶರ್ಲಿ ಕಾರ್ಡ್’ ನೋಡಿ, ಅದರಲ್ಲಿ ಇದ್ದದ್ದು ಬಿಳಿ ಹೆಂಗಸು. ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಎಂಬ ದೂರಿಗೆ ಕಂಪನಿ ಕಿವಿಗೊಟ್ಟದ್ದು ಮುಖ್ಯವಾಗಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಜಾಹೀರಾತಿನವರು ಗೊಣಗಿದ ಮೇಲೆ. ಮನುಷ್ಯರ ಮುಖ ಆಮೇಲೆ ಬಂತು. ನಾಟಕದಲ್ಲಿ ಕಾಡಿನ ರಾತ್ರಿಗೆ ದೀಪಕ್ಕೆ ಬರೀ ನೀಲಿ ಜೆಲ್, ಅಂದರೆ ಬಣ್ಣದ ಪಾರದರ್ಶಕ ಹಾಳೆ, ಹಾಕುತ್ತಾರೆ. ಕಂದು ಚರ್ಮ ಕೆಂಪು, ಹಳದಿ ಕಡೆಯ ಬೆಳಕನ್ನು ವಾಪಸು ಕೊಟ್ಟಷ್ಟು ನೀಲಿಯನ್ನು ಕೊಡುವುದಿಲ್ಲ, ಹಾಗಾಗಿ ನಮ್ಮ ಮಕ್ಕಳ ಮುಖ ಕತ್ತಲಲ್ಲಿ ಮುಳುಗಿ ಕಣ್ಣು, ಹಲ್ಲು ಮಾತ್ರ ಉಳಿಯುತ್ತವೆ. ನೀಲಿ ಇರಲಿ, ಜೊತೆಗೆ ಮುಂದಿನಿಂದ ಬೇಡ, ಪಕ್ಕದಿಂದ ತಿಳಿ ಆಂಬರ್ (ಹಳದಿ-ಕಿತ್ತಳೆ) ದೀಪ ಒಂದು ಹಾಕಲು ಹೇಳಿ. ಫೋಟೋ ತೆಗೆಯುವಾಗ ಬೆಳ್ಳಗಿನ ಮಗು, ಕಂದು ಮಗು ಅಕ್ಕಪಕ್ಕ ನಿಂತಿದ್ದರೆ ಕಂದು ಮಗು ಬೆಳಕಿನ ಕಡೆಗಿರಲಿ. ಫೋನಿನ ಪರದೆಯಲ್ಲಿ ಅದರ ಮುಖವನ್ನು ಮುಟ್ಟಿ ಎಕ್ಸ್‌ಪೋಷರ್ ಹಿಡಿಯಿರಿ. ‘ಬ್ಯೂಟಿ’ ಫಿಲ್ಟರ್ ಆಫ್ ಮಾಡಿ, ಕೆಲವು ಫೋನುಗಳಲ್ಲಿ ಅದರ ಕೆಲಸವೇ ಬೆಳ್ಳಗೆ ಮಾಡುವುದು.

ಆಫೀಸಿನ ವಿಷಯ. ನಿಮ್ಮ ಸಹೋದ್ಯೋಗಿ ಅನುಕರಿಸುತ್ತಿರುವ ‘ಥೌಸಂಡ್ ಅಪಾಲಜೀಸ್’ 1977ರಲ್ಲಿ ಶುರುವಾದ ‘ಮೈಂಡ್ ಯುವರ್ ಲ್ಯಾಂಗ್ವೇಜ್’ನ ರಂಜೀತ್ ಸಿಂಗ್‌ನದು. ಅದನ್ನು ನಮ್ಮವರೇ ಬೆಂಗಳೂರಿನಲ್ಲಿ ಕೂತು ಯೂಟ್ಯೂಬಿನಲ್ಲಿ ನೋಡಿ ನಗುತ್ತೇವೆ, ಹಾಗಾಗಿ ಇಲ್ಲಿ ಕೇಳಿದಾಗ ಮುಖ ಹೇಗಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ವ್ಯತ್ಯಾಸ ಇಷ್ಟೇ: ಮನೆಯಲ್ಲಿ ನಗುವಾಗ ರಂಜೀತ್ ನೂರು ಬಗೆಯ ಇಂಡಿಯನ್ನರಲ್ಲಿ ಒಬ್ಬ. ಇಲ್ಲಿ, ಟೀವಿ ಬಿಟ್ಟರೆ ನಮ್ಮವರ ಒಡನಾಟವೇ ಇಲ್ಲದವರಿಗೆ, ಅವನೇ ಇಂಡಿಯಾ. ಅದೇ ಕಾಲದ ಬಿಬಿಸಿಯ ‘ಇಟ್ ಏಂಟ್ ಹಾಫ್ ಹಾಟ್ ಮಮ್’ನಲ್ಲಿ ಮುಖ್ಯ ಇಂಡಿಯನ್ ಪಾತ್ರ ಕಂದು ಮೇಕಪ್ಪಿನ ಮೈಕೆಲ್ ಬೇಟ್ಸ್‌ಗೆ, ಢಾಕಾದಲ್ಲಿ ಹುಟ್ಟಿದ ದಿನೋ ಶಫೀಕ್‌ಗೆ ಚಹಾ ಮಾರುವವನ ಪಾತ್ರ. ಬೇಟ್ಸ್ ಹುಟ್ಟಿದ್ದು ಝಾನ್ಸಿಯಲ್ಲಿ, ಭಾಷೆ ಬರುತ್ತಿತ್ತು ಎಂಬ ಸಮರ್ಥನೆಯನ್ನು ನಿಮಗೂ ಯಾರಾದರೂ ಹೇಳಬಹುದು. ನಿಜ, ಹುಟ್ಟಿದ್ದು ಅಲ್ಲೇ. ಹಾಗಿದ್ದರೂ ಬಣ್ಣ ಹಚ್ಚಬೇಕಾಯಿತು ಎಂಬುದೇ ಅದಕ್ಕೆ ಉತ್ತರ.

ನಗಬೇಡಿ, ಭಾಷಣವನ್ನೂ ಮಾಡಬೇಡಿ. ಮುಖ ಸಪ್ಪಗಿಟ್ಟು ‘ಆ ಧ್ವನಿ ನನ್ನ ಹತ್ತಿರ ಬೇಡ’ ಎಂದು ಒಂದೇ ಸಾಲು ಹೇಳಿ, ತಕ್ಷಣ ಕೆಲಸದ ಮಾತಿಗೆ ಬನ್ನಿ. ಈ ಒಂದು ಸಾಲು ಕಾನೂನಿಗೂ ಬೇಕು: ಈಕ್ವಾಲಿಟಿ ಆ್ಯಕ್ಟ್‌ನಲ್ಲಿ ಕಿರುಕುಳ ಅಂದರೆ ನಿಮಗೆ ಬೇಡವಾದ ವರ್ತನೆ, ಹೇಳಿದವರ ಉದ್ದೇಶ ತಮಾಷೆಯೇ ಆಗಿದ್ದರೂ ಪರಿಣಾಮ ಲೆಕ್ಕಕ್ಕೆ ಬರುತ್ತದೆ. ನೀವು ಪ್ರತಿಸಲ ನಗುತ್ತಾ ಬಂದಿದ್ದರೆ ‘ಬೇಡವಾಗಿತ್ತು’ ಎಂದು ತೋರಿಸುವುದು ಕಷ್ಟ. ಮತ್ತೆ ಮಾಡಿದರೆ ದಿನ, ಜಾಗ, ಹೇಳಿದ ಮಾತು, ಪಕ್ಕದಲ್ಲಿದ್ದವರು, ಇಷ್ಟನ್ನು ಬರೆದಿಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬೇಡ. ಕೆಲಸ ಬಿಟ್ಟ ದಿನ ಅದು ಕಂಪನಿಯದು. ಆಮೇಲೆ ಮ್ಯಾನೇಜರ್, ಅದಕ್ಕೂ ಜಗ್ಗದಿದ್ದರೆ ಲಿಖಿತ ಗ್ರೀವೆನ್ಸ್, ಅಂದರೆ ಕಂಪನಿಗೆ ಔಪಚಾರಿಕ ದೂರು.

ಹಾಗೆಂದು ನಮ್ಮ ಕಡೆಯವರು ತೊಳೆದ ಮುತ್ತೇನಲ್ಲ. ಕನ್ನಡ ಚಿತ್ರಕ್ಕೆ ಮುಂಬೈಯಿಂದ ಬೆಳ್ಳಗಿನ ನಾಯಕಿ ತಂದು ಬಾಯಿಗೆ ಬೇರೆಯವರ ಕನ್ನಡ ಹಾಕುವುದು, ಎಣ್ಣೆಗಪ್ಪು ಹುಡುಗಿಗೆ ಕೆಲಸದವಳ ಪಾತ್ರ ಕೊಡುವುದು ಯಾರಿಗೂ ವಿಶೇಷ ಅನಿಸುವುದಿಲ್ಲ. ‘ಫೇರ್ ಆ್ಯಂಡ್ ಲವ್ಲಿ’ ಹೆಸರು ಬದಲಾದದ್ದು 2020ರಲ್ಲಿ. ಮಗಳು ಇಲ್ಲಿ ಟೀವಿ ನೋಡಿ ಕಲಿಯುವುದರ ಜೊತೆಗೆ ರಜೆಯಲ್ಲಿ ಅಜ್ಜಿಯ ಮನೆಯಲ್ಲಿ ‘ಬಿಸಿಲಿಗೆ ಹೋಗ್ಬೇಡ ಕಣೇ, ಕಪ್ಪಾಗ್ತೀಯ’ ಕೇಳುತ್ತಾಳೆ. ಎರಡನ್ನೂ ಒಟ್ಟಿಗೇ ಮಾತಾಡಿ.

ಕೊನೆಯದು ದೂರು. ನಮ್ಮವರು ಸೋಲುವುದು ಬಹಳ ಸಲ ವಿಷಯದಲ್ಲಲ್ಲ, ವಿಳಾಸದಲ್ಲಿ ಮತ್ತು ಗಡುವಿನಲ್ಲಿ. ಬಿಬಿಸಿ ಕಾರ್ಯಕ್ರಮವಾದರೆ ಮೊದಲು ಬಿಬಿಸಿಗೇ, ಪ್ರಸಾರವಾದ 30 ಕೆಲಸದ ದಿನಗಳೊಳಗೆ. ಅವರ ಅಂತಿಮ ಉತ್ತರ ಬಂದ ಮೇಲೆ 20 ಕೆಲಸದ ದಿನಗಳೊಳಗೆ ಪ್ರಸಾರ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ಗೆ. ಐಟಿವಿ, ಚಾನೆಲ್ 4 ಮುಂತಾದವುಗಳಿಗೆ ನೇರವಾಗಿ ಆಫ್‌ಕಾಮ್, ಪ್ರಸಾರದಿಂದ 20 ಕೆಲಸದ ದಿನ. ಜಾಹೀರಾತಾದರೆ ಅವುಗಳ ಮೇಲ್ವಿಚಾರಣೆಯ ಸಂಸ್ಥೆ ಎಎಸ್‌ಎ, 3 ತಿಂಗಳು. ಬರೆಯುವಾಗ ಚಾನೆಲ್, ದಿನಾಂಕ, ಶುರುವಾದ ಸಮಯ, ಎಷ್ಟನೇ ನಿಮಿಷ, ಕೇಳಿದ ಮಾತು ಹಾಗೆ ಹಾಗೇ, ಇಷ್ಟು ಇರಬೇಕು. ‘ಇಡೀ ಕಾರ್ಯಕ್ರಮವೇ ಜನಾಂಗೀಯ’ ಎಂದು ಬರೆದರೆ ಯಾರೂ ಏನೂ ಮಾಡಲಾರರು. ಆಫ್‌ಕಾಮ್ ನಿಯಮ 2.3 ಹೇಳುವುದು, ನೋಯಿಸುವಂಥದ್ದು ಬಂದರೆ ಅದಕ್ಕೆ ಸಂದರ್ಭದ ಸಮರ್ಥನೆ ಇರಬೇಕು ಎಂದು. ಹಾಗಾಗಿ ಆ ಮಾತಿಗೆ ಅಲ್ಲಿ ಸಂದರ್ಭ ಯಾಕೆ ಇರಲಿಲ್ಲ ಎಂದು ಒಂದು ಸಾಲು ಬರೆಯಿರಿ. ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಯನ್ನು 2007ರಲ್ಲಿ ಚಾನೆಲ್ 4ರ ರಿಯಾಲಿಟಿ ಶೋ ‘ಸೆಲೆಬ್ರಿಟಿ ಬಿಗ್ ಬ್ರದರ್’ ಮನೆಯೊಳಗೆ ಹೀಯಾಳಿಸಿದಾಗ 44,500ಕ್ಕೂ ಹೆಚ್ಚು ದೂರು ಬಂದವು. ಆಫ್‌ಕಾಮ್ ತಪ್ಪು ಹಿಡಿದದ್ದು ಚಾನೆಲ್ 4 ಅದನ್ನು ನಿಭಾಯಿಸಿದ ರೀತಿಯಲ್ಲಿ, ತೀರ್ಪನ್ನು ಆ ಚಾನೆಲ್ಲಿನದೇ ಪರದೆಯ ಮೇಲೆ ಓದುವಂತೆ ಮಾಡಿತು.

ಪತ್ರಿಕೆಗಳದು ಇನ್ನೂ ಬಿಗಿ. ಪತ್ರಿಕೆಗಳ ಮೇಲಿನ ದೂರು ನೋಡುವ ಸಂಸ್ಥೆ ಇಪ್ಸೊ, ಅದರ ನೀತಿಯ 12ನೇ ಕಲಮು ಜನಾಂಗದ ಬಗ್ಗೆ ಮಾತಾಡುತ್ತದೆ, ಆದರೆ ಒಬ್ಬ ವ್ಯಕ್ತಿಯನ್ನು ಹೀಗಳೆದರೆ ಮಾತ್ರ. ‘ಇಂಡಿಯನ್ನರೆಲ್ಲ ಹೀಗೆ’ ಎಂದು ಬರೆದರೆ ಅದು ನಾಟುವುದಿಲ್ಲ. ಅಂಥ ಕಡೆ 1ನೇ ಕಲಮು, ನಿಖರತೆ, ಹಿಡಿಯಿರಿ: ಯಾವ ಅಂಕಿ ತಪ್ಪು, ಯಾವ ವಾಕ್ಯ ತಪ್ಪು, ಸರಿ ಯಾವುದು. ಪ್ರಕಟವಾದ 4 ತಿಂಗಳೊಳಗೆ. ಗಾರ್ಡಿಯನ್, ಫೈನಾನ್ಷಿಯಲ್ ಟೈಮ್ಸ್ ಇಪ್ಸೊದಲ್ಲಿ ಇಲ್ಲ, ಅವುಗಳ ದೂರು ವ್ಯವಸ್ಥೆ ಅವುಗಳದೇ. ಒಬ್ಬ ಕಂದು ವ್ಯಕ್ತಿಯ ಸುದ್ದಿಗೆ ಇನ್ನೊಬ್ಬರ ಫೋಟೋ ಹಾಕಿದ್ದರೆ ಇಪ್ಸೊಗೆ ಕಾಯಬೇಡಿ, ಪತ್ರಿಕೆಗೆ ಫೋನ್ ಮಾಡಿ. ಅದು ಗಂಟೆಗಳಲ್ಲಿ ಸರಿಯಾಗುವ ಕೆಲಸ. ನೆಟ್‌ಫ್ಲಿಕ್ಸ್ ಯುರೋಪಿನಲ್ಲಿ ನೆದರ್‌ಲ್ಯಾಂಡ್ಸ್ ಕಾನೂನಿನಡಿ ಇರುವುದರಿಂದ ಆಫ್‌ಕಾಮ್ ಕೈಗೆ ಸಿಗುತ್ತಿರಲಿಲ್ಲ. 2024ರ ಮೀಡಿಯಾ ಆ್ಯಕ್ಟ್ ದೊಡ್ಡ ಸ್ಟ್ರೀಮಿಂಗ್ ಸೇವೆಗಳನ್ನು ಹಂತಹಂತವಾಗಿ ಅದರಡಿ ತರುತ್ತಿದೆ, ಬರೆಯುವ ಮೊದಲು ಆಫ್‌ಕಾಮ್ ಪುಟದಲ್ಲಿ ಆ ಸೇವೆಯ ಹೆಸರು ಸೇರಿದೆಯೇ ಎಂದು ನೋಡಿಕೊಳ್ಳಿ.